ಸಹಾಯಧನ ಬೇಡವೆಂದ ಗಿರಣಿಯವಳು

“ಗುರುಗಳೇ, ಊರನ್ನು ನಡೆಸುವವರೇ ನಮಗೆ ಅನ್ಯಾಯ ಮಾಡಿದರೆ ಮರೆತು ಸುಮ್ಮನಿರಬೇಕೋ, ಪರಿಹಾರ ಕೊಡಿ ಎಂದು ಅವರ ಬಾಗಿಲಿಗೆ ಹೋಗಬೇಕೋ?” ಎಂದು ಶಿಷ್ಯನು ಕೇಳಿದನು. “ಹೋದರೆ ಮನಸ್ಸು ಕಹಿಯಾಗುತ್ತದೆ. ಹೋಗದಿದ್ದರೆ ಕೊರಗು ಉಳಿಯುತ್ತದೆ.”

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಸಾವಂತ್ರವ್ವ ಎಂಬ ವಿಧವೆ ಇದ್ದಳು. ಪುರಸಭೆಯ ಅನುಮತಿ ಪಡೆದು ತನ್ನ ಸ್ವಂತ ಜಾಗದಲ್ಲಿ ಹಿಟ್ಟಿನ ಗಿರಣಿ ಕಟ್ಟಿಸಿದಳು. ಎರಡು ವರ್ಷ ಅದು ಚೆನ್ನಾಗಿ ನಡೆಯಿತು. ಮೂರನೆಯ ವರ್ಷ ಪುರಸಭೆಯವರು ರಸ್ತೆ ಅಗಲ ಮಾಡಲು ಹೊಸ ನಕ್ಷೆ ತಂದರು. ನಿನ್ನ ಗಿರಣಿ ರಸ್ತೆಯ ಜಾಗದಲ್ಲಿದೆ, ಇದು ಒತ್ತುವರಿ ಎಂದರು. ಅವಳು ಅನುಮತಿ ಪತ್ರ ತೋರಿಸಿದಳು. ಯಾರೂ ಓದಲಿಲ್ಲ. ಒಂದು ಬೆಳಿಗ್ಗೆ ಬಂದು ಗಿರಣಿಯನ್ನು ಕೆಡವಿದರು.

ಸಾವಂತ್ರವ್ವ ಶಾಲೆಯಲ್ಲಿ ಅಡುಗೆ ಕೆಲಸಕ್ಕೆ ಸೇರಿದಳು. ವಾರಕ್ಕೊಮ್ಮೆ ಅರ್ಜಿ ಹಿಡಿದು ಪುರಸಭೆಗೆ ಹೋದಳು. ಬೈಯಲಿಲ್ಲ, ಅಳಲಿಲ್ಲ. ನಕ್ಷೆ ಹಿಡಿದು ಜಾಗ ಅಳೆಯಿರಿ ಎಂದಷ್ಟೇ ಕೇಳಿದಳು. ಒಂದೂವರೆ ವರ್ಷದ ಮೇಲೆ ಹೊಸದಾಗಿ ಬಂದ ಅಧಿಕಾರಿಯೊಬ್ಬನು ಅಳೆಯಿಸಿದನು. ರಸ್ತೆಯ ಗೆರೆ ಗಿರಣಿಯಿಂದ ಹತ್ತು ಅಡಿ ಆಚೆಗಿತ್ತು.

ಪುರಸಭೆಯ ಅಧ್ಯಕ್ಷರು ಅವಳನ್ನು ಕರೆಸಿ, ಕೂರಿಸಿ, ಒಂದು ಕಾಗದ ಮುಂದಿಟ್ಟರು. ಅದರಲ್ಲಿದ್ದ ಮೊತ್ತ ದೊಡ್ಡದೇ. ಆದರೆ ‘ಒತ್ತುವರಿ ತೆರವಿನಿಂದ ಕಷ್ಟದಲ್ಲಿರುವ ಬಡ ವಿಧವೆಗೆ ದಯೆಯಿಂದ ನೀಡುವ ಸಹಾಯಧನ’ ಎಂದು ಬರೆದಿತ್ತು. ಅವಳು ಎರಡು ಸಲ ಓದಿ, ಕಾಗದವನ್ನು ಹಿಂದಕ್ಕೆ ಸರಿಸಿದಳು.

“ಯಾಕವ್ವಾ? ರೊಕ್ಕ ರೊಕ್ಕವೇ. ಯಾವ ಹೆಸರಿನಲ್ಲಿ ಬಂದರೇನು?” ಎಂದರು ಅಧ್ಯಕ್ಷರು.

“ಭಿಕ್ಷೆ ಹಾಕಿದವರು ಏನನ್ನೂ ತಿದ್ದಿಕೊಳ್ಳಬೇಕಿಲ್ಲ, ಯಜಮಾನರೇ. ಅಳೆಯದೆ ಕೆಡವಿದೆವು, ಅದಕ್ಕೆ ಪರಿಹಾರ ಕೊಡುತ್ತೇವೆ ಎಂದು ಬರೆಯಿರಿ.”

“ಹಾಗೆ ಬರೆದರೆ ಇಂಜಿನಿಯರು ಕೆಡವಿದ ಗೋಡೆಗಳಿಗಷ್ಟೇ ಬೆಲೆ ಕಟ್ಟುತ್ತಾರೆ. ನಿನ್ನ ಕೈಗೆ ಇದರ ಅರ್ಧವೂ ಬರಲಿಕ್ಕಿಲ್ಲ.”

“ಬಂದಷ್ಟು ಬರಲಿ.”

ಈ ಮಾತಿನ ಮೇಲೆ ಪುರಸಭೆಯಲ್ಲಿ ಎರಡು ಸಲ ಜಗಳವಾಯಿತು. ಮೂರನೆಯ ಸಲ ಅವಳು ಹೇಳಿದಂತೆಯೇ ಠರಾವಾಯಿತು. ಇನ್ನು ಮುಂದೆ ಏನನ್ನೇ ಕೆಡವುವ ಮುನ್ನ ಜಾಗ ಅಳೆಯತಕ್ಕದ್ದು ಎಂಬ ಮಾತೂ ಅದರಲ್ಲಿ ಸೇರಿತು.

ಬಂದ ಹಣದಲ್ಲಿ ಸಾವಂತ್ರವ್ವ ಮೊದಲಿನದಕ್ಕಿಂತ ಚಿಕ್ಕದೊಂದು ಗಿರಣಿ ಹಾಕಿದಳು. ಮೊದಲ ದಿನ ಓಣಿಯವರೆಲ್ಲರ ಜೋಳವನ್ನು ಪುಕ್ಕಟೆ ಬೀಸಿಕೊಟ್ಟಳು. ಅಧ್ಯಕ್ಷರ ಮನೆಯ ಜೋಳವೂ ಬಂತು. ಅದನ್ನೂ ನುಣ್ಣಗೆ ಬೀಸಿದಳು. ಅವಳ ಮನಸ್ಸಿನಲ್ಲಿ ಕಹಿ ಉಳಿದಿರಲಿಲ್ಲ.

ಮರುವರ್ಷ ಊರಂಚಿನ ಒಬ್ಬ ಕುಂಬಾರನ ಮಡಕೆ ಸುಡುವ ಆವಿಗೆಯನ್ನು ಒತ್ತುವರಿ ಎಂದು ಕೆಡವಲು ಪುರಸಭೆಯಲ್ಲಿ ಕಡತ ಸಿದ್ಧವಾಯಿತು. ಠರಾವು ಇದ್ದುದರಿಂದ ಇಬ್ಬರು ನೌಕರರು ಹೋಗಿ, ದಾರಿಯಲ್ಲಿ ನಿಂತೇ ಅಳೆದರು. ಆವಿಗೆ ಕುಂಬಾರನ ಜಾಗದಲ್ಲೇ ಇತ್ತು. ಅವರು ಹಿಂದಿರುಗಿ ಕಡತ ಮುಚ್ಚಿದರು.

ಗುರುಗಳು ಮಾತು ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು.

“ಕುಂಬಾರನು ಗಿರಣಿಗೆ ಹೋಗಿ ಆ ತಾಯಿಗೆ ಕೈಮುಗಿದಿರಬೇಕು, ಅಲ್ಲವೇ?” ಎಂದನು.

“ಏಕೆ ಮುಗಿದಾನು, ಮಗು? ತನ್ನ ಆವಿಗೆ ಬೀಳುವುದರಲ್ಲಿತ್ತು ಎಂದೇ ಅವನಿಗೆ ಗೊತ್ತಿಲ್ಲ.”