ಎದೆಗವಚಿದ ಗಡಿಗೆ

ಬನ್ನಿಹಾಳದ ಹಳ್ಳದ ದಂಡೆಗೆ ಒಂದು ಪಾಳುಬಿದ್ದ ಗಾಣದ ಮನೆ. ಪೂಜ್ಯ ಗುರುಪಾದಯ್ಯನವರು ತಮ್ಮ ಕೊನೆಯ ಹನ್ನೆರಡು ವರ್ಷಗಳನ್ನು ಕಳೆದದ್ದು ಅಲ್ಲಿಯೇ. ಮಠ ಕಟ್ಟಿಸುತ್ತೇವೆಂದು ಭಕ್ತರು ಎಷ್ಟು ದುಂಬಾಲು ಬಿದ್ದರೂ, “ಈ ಗಾಣದ ಕಲ್ಲಿಗಿಂತ ಚೊಲೊ ಗದ್ದಿಗಿ ಎಲ್ಲಿ ಸಿಗತೈತ್ರೋ!” ಎಂದು ನಕ್ಕುಬಿಡುತ್ತಿದ್ದರು. ಒಂದು ಕಂಬಳಿ, ಒಂದು ನೀರಿನ ಗಡಿಗೆ. ಇಷ್ಟೇ ಅವರ ಸಂಸಾರ. ಆ ಗಡಿಗೆಯ ಸಂಗತಿಯನ್ನೇ ಈಗ ಹೇಳಬೇಕಾಗಿದೆ.

ಒಂದು ಬೆಳಿಗ್ಗೆ ಕುಂಬಾರ ಮಲಕಪ್ಪ ದಾಪುಗಾಲು ಹಾಕುತ್ತ ಅಲ್ಲಿಗೆ ಬಂದ. ಹಿಂದೆ ಸೊಸೆ ಹೊನ್ನವ್ವ, ಕಂಕುಳಲ್ಲಿ ಬಟ್ಟೆಯ ಗಂಟು. ಅವಳನ್ನು ಹೊರಗೆ ಬೇವಿನ ಮರದಡಿ ನಿಲ್ಲಿಸಿ, ತಾನು ಒಳಗೆ ಹೋಗಿ ಊರಿಗೆಲ್ಲ ಅಜ್ಜನವರಾದ ಗುರುಪಾದಯ್ಯನವರಿಗೆ ಅಡ್ಡಬಿದ್ದ.

“ಅಜ್ಜಾರ, ಈಕೀನ್ನ ತವರಿಗೆ ಬಿಟ್ಟು ಬರಾಕ ಹೊಂಟೀನ್ರಿ. ಮತ್ತ ಕರಿಯೂದಿಲ್ಲ. ಕಾಲ್ಗುಣ ಚೊಲೊ ಇಲ್ಲ. ನೀವೊಮ್ಮೆ ಹೂಂ ಅಂದ್ರ ನನ್ನ ಮನಸ್ಸು ಹಗುರಾಗತೈತಿ.”

ಮಲಕಪ್ಪ ಕೆಟ್ಟವನೇನಲ್ಲ ನೋಡಿ. ಇರುವೆ ಸಾಲನ್ನೂ ದಾಟಿ ನಡೆಯುವ ಮನುಷ್ಯ. ಆದರೆ ಎರಡು ವರ್ಷದ ಹಿಂದೆ ಹೊನ್ನವ್ವ ಸೇರಕ್ಕಿ ಒದ್ದು ಮನೆ ತುಂಬಿದ ದಿನವೇ, ಅಂಗಳದಲ್ಲಿ ಅವನ ಕೈಯಿಂದ ದೊಡ್ಡ ಗಡಿಗೆಯೊಂದು ಜಾರಿ ಬಿದ್ದು ಚೂರುಚೂರಾಗಿತ್ತು. ನಲವತ್ತು ವರ್ಷದ ಕಸುಬಿನಲ್ಲಿ ಎಂದೂ ಆಗದ್ದು! ಅಪಶಕುನದ ಹುಳು ಅಂದೇ ತಲೆಗೆ ಹೊಕ್ಕಿತು.

ಮಣ್ಣು ತುಳಿದು ಹದ ಮಾಡುವುದು ಸೊಸೆಯ ಪಾಲಿನ ಕೆಲಸವಾಯಿತು. ಆವಿಗೆಯಲ್ಲಿ ಸುಟ್ಟ ಗಡಿಗೆಗಳನ್ನು ಹೊರತೆಗೆದು ಒಂದೊಂದಾಗಿ ಬೆರಳ ಗೆಣ್ಣಿನಿಂದ ಬಾರಿಸಿ ನೋಡುವುದು ಮಲಕಪ್ಪನದು. ಗಟ್ಟಿ ಗಡಿಗೆ ಖಣ್ಣೆನ್ನುತ್ತದೆ, ಬಿರುಕಿದ್ದರೆ ಬದ್ದೆನ್ನುತ್ತದೆ. ಅವಳು ಬಂದಮೇಲೆ ದೊಡ್ಡ ಗಡಿಗೆಗಳೆಲ್ಲ ಬದ್ದೆನ್ನತೊಡಗಿದವು. ಹಿತ್ತಲಲ್ಲಿ ಒಡಕಿನ ರಾಶಿ ಬೆಳೆಯಿತು. ಅಂಗೈಯಗಲದ ಕುಡಿಕೆಗಳು ಮಾತ್ರ ಮೊದಲಿನಂತೆಯೇ ಖಣಖಣ ಎನ್ನುತ್ತಿದ್ದವು. ಅವೂ ಅದೇ ಕಾಲು ತುಳಿದ ಮಣ್ಣಿನವೇ ಅಲ್ಲವೇ? ಆ ಪ್ರಶ್ನೆ ಅವನ ಹತ್ತಿರವೂ ಸುಳಿಯಲಿಲ್ಲ. ಮಗ ಈರಪ್ಪನೋ, ಅಪ್ಪನ ಎದುರು ಸೊಲ್ಲೆತ್ತುವವನಲ್ಲ.

ಅಜ್ಜನವರು ಎಲ್ಲವನ್ನೂ ಕೇಳಿದರು. ಎದ್ದು ಗಡಿಗೆಯನ್ನೆತ್ತಿಕೊಂಡು ಬೇವಿನ ಮರದಡಿಗೆ ನಡೆದರು. ಮಲಕಪ್ಪ ಕಕ್ಕಾಬಿಕ್ಕಿಯಾಗಿ ಹಿಂದೆಯೇ ಹೋದ.

“ಬಾಯಾರಿರಬೇಕು. ಕುಡಿ ಮಗಳ” ಎಂದು ಹೊನ್ನವ್ವನ ಬೊಗಸೆಗೆ ನೀರು ಹನಿಸಿದರು. ಅವಳು ಕುಡಿದಳು. ಉಳಿದ ನೀರನ್ನು ಬೇವಿನ ಬುಡಕ್ಕೆ ಸುರಿದು, ಬರಿದಾದ ಗಡಿಗೆಯನ್ನು ಒರೆಸಿ ಮಲಕಪ್ಪನ ಕೈಗೆ ಕೊಟ್ಟರು.

“ಬಾರಿಸಿ ನೋಡಪಾ.”

ಮಲಕಪ್ಪ ಗಡಿಗೆಯನ್ನು ಎದೆಗವಚಿಕೊಂಡು ಬಾರಿಸಿದ. ಬದ್!

“ಒಡಕು ಐತ್ರಿ” ಎಂದ. ಅಷ್ಟರಲ್ಲಿ ಕಂಠದ ಕೆಳಗೆ ತನ್ನದೇ ಹೆಬ್ಬೆರಳಿನ ಗುರುತು ಕಣ್ಣಿಗೆ ಬಿತ್ತು. “ಇದು ನಮ್ಮ ಹಿತ್ತಲ ರಾಶೀದು ಅಲ್ಲೇನ್ರಿ!”

“ಹೌದು. ನಾ ಒಂದು ಗಡಿಗಿ ಬೇಡಿದಾಗ ನಿನ್ನ ಸೊಸಿ ಕೊಟ್ಟಳು. ಒಡಕಂತ ಮಾವಾರು ತೆಗೆದಿಟ್ಟಾರ ಅಂತ ಹೇಳಿಯೇ ಕೊಟ್ಟಳು. ಆರು ತಿಂಗಳಾತು, ಒಂದು ಹನಿ ಸೋರಿಲ್ಲ. ನೀರಿಗೆ ಗೊತ್ತಾಗದ ಒಡಕು ನಿನಗ ಹ್ಯಾಂಗ ಗೊತ್ತಾತು?”

ಮಲಕಪ್ಪ ಗಡಿಗೆಯ ತಳ ತಿರುಗಿಸಿ ನೋಡಿದ. ಅಜ್ಜನವರು ಮೆಲ್ಲಗೆ ಕೇಳಿದರು: “ನಿಮ್ಮಪ್ಪ ಗಡಿಗಿ ಹ್ಯಾಂಗ ಹಿಡಿದು ಬಾರಸ್ತಿದ್ದ?”

ಹೇಗೆಂದು ತೋರಿಸಲು ಮಲಕಪ್ಪನ ಕೈ ತಾನಾಗಿ ಮುಂದಾಯಿತು. ಒಂದೇ ಕೈಯಲ್ಲಿ ಕಂಠ ಹಿಡಿದು ಗಡಿಗೆಯನ್ನು ಗಾಳಿಯಲ್ಲಿ ಎತ್ತಿ ಬಾರಿಸಿದ. ಖಣ್ಣೆಂದಿತು!

ಮತ್ತೆ ಬಾರಿಸಿದ. ಖಣ್! ಎದೆಗವಚಿ ಬಾರಿಸಿದ. ಬದ್.

“ಯಾವತ್ತಿಂದ ಹಿಂಗ ಅವಚಿಕೊಂಡು ಹಿಡಿಯಾಕತ್ತೀಯಪಾ?”

ಯಾವತ್ತಿನಿಂದ? ಸೊಸೆ ಬಂದ ದಿನದಿಂದ. ಇನ್ನೊಂದು ಗಡಿಗೆ ಜಾರಿ ಬಿದ್ದೀತು, ಅಪಶಕುನ ನಿಜವಾದೀತು ಎಂಬ ದಿಗಿಲಿನಿಂದ ಪ್ರತಿಯೊಂದು ದೊಡ್ಡ ಗಡಿಗೆಯನ್ನೂ ಅಪ್ಪಿ ಹಿಡಿದಿದ್ದ. ಅಪ್ಪಿದ ಗಡಿಗೆ ದನಿ ಬಿಟ್ಟೀತೇ? ಅದರ ದನಿ ಅಡಗಿಸಿದವನೂ ತಾನೇ, ಒಡಕೆಂದವನೂ ತಾನೇ. ನಲವತ್ತು ವರ್ಷ ಮಣ್ಣು ಮುಟ್ಟಿದ ತನಗೆ ತನ್ನ ಕೈಯೇ ಕಾಣದೆ ಹೋಯಿತಲ್ಲ!

“ತಪ್ಪಾತ್ರೀ ಅಜ್ಜಾರ!” ಎಂದು ಕಾಲಿಗೆ ಬೀಳಲು ಹೋದವನನ್ನು ಅಜ್ಜನವರು ತೋಳು ಹಿಡಿದು ತಡೆದರು.

“ನನ್ನ ಕಾಲಾಗ ಏನೈತಿ? ಎರಡು ವರ್ಷ ನಿನ್ನ ಮಣ್ಣು ತುಳಿದ ಕಾಲು ಅಲ್ಲಿ ನಿಂತಾವ.”

ಮಲಕಪ್ಪ ತಿರುಗಿದ. ಜೇಡಿ ಕಚ್ಚಿ ಬೆರಳ ಸಂದು ಒಡೆದಿದ್ದ ಆ ಕಾಲುಗಳನ್ನು ಅವನು ಅಂದೇ ಮೊದಲ ಸಲ ನೋಡಿದ್ದು. ಕಣ್ಣೀರು ದಳದಳ ಇಳಿಯಿತು. ಮಾವ ಬಗ್ಗುವುದನ್ನು ಕಂಡು ಹೊನ್ನವ್ವ ಗಾಬರಿಯಾಗಿ, “ಬ್ಯಾಡ್ರೀ ಮಾವಾರ, ನಿಮಗ ಕೈ ಮುಗೀತೀನಿ” ಎಂದು ಹಿಂದೆ ಸರಿದಳು. ಅವಳ ಕಂಕುಳಿನ ಗಂಟನ್ನು ಅವನೇ ಇಸಿದುಕೊಂಡು ತನ್ನ ಹೆಗಲಿಗೇರಿಸಿದ. “ನಡಿಯವ್ವ ತಾಯಿ, ಮನಿಗೆ ಹೋಗೂಣು” ಎಂದ. ಅಜ್ಜನವರು ಬರಿದಾದ ಗಡಿಗೆ ಹಿಡಿದು ಹಳ್ಳಕ್ಕೆ ನೀರು ತರಲು ಇಳಿದರು.

ಅಂದು ಹಿತ್ತಲ ರಾಶಿಯನ್ನು ಮಾವ ಸೊಸೆ ಸೇರಿ ಒಂದೊಂದಾಗಿ ಬಾರಿಸಿ ನೋಡಿದರು. ಸಂಜೆಯವರೆಗೂ ಓಣಿಗೆಲ್ಲ ಖಣಖಣ ಕೇಳುತ್ತಿತ್ತಂತೆ.

ಮುಂದೆ ಬದುಕಿರುವತನಕ ಮಲಕಪ್ಪ ಗಡಿಗೆ ಬಾರಿಸುವಾಗ ಸೊಸೆಯನ್ನು ಎದುರಿಗೆ ಕೂರಿಸಿಕೊಳ್ಳುತ್ತಿದ್ದ. ಯಾರಾದರೂ ಬಂದು ಇನ್ನೊಬ್ಬರ ಮೇಲೆ ದೂರು ಹೇಳಿದರೂ, ಹೌದೆನ್ನುವ ಮೊದಲು ಅವಳ ಕಡೆ ತಿರುಗಿ ಒಂದೇ ಮಾತು ಕೇಳುತ್ತಿದ್ದ:

“ಹೊನ್ನವ್ವಾ, ನನ್ನ ಕೈ ಎಲ್ಲೈತಿ, ಒಂಚೂರು ನೋಡವ್ವ.”