ಆನೆರಾಜನ ಗವಿಯೂ ಮುಳ್ಳುಹಂದಿಯ ಗುರುತುಗಳೂ

ಬೆಟ್ಟದ ಬುಡದ ಕಾಡೊಂದರಲ್ಲಿ ಒಂದು ಮಹಾಗವಿ ಇತ್ತು. ಅದು ಆನೆರಾಜನ ಗವಿ. ಯಾವ ತೊರೆಯಲ್ಲಿ ನೀರಿದೆ, ಯಾವ ರೋಗಕ್ಕೆ ಯಾವ ಸೊಪ್ಪು, ಬೇಟೆಗಾರರ ಬಲೆ ಎಲ್ಲಿದೆ, ಎಲ್ಲವನ್ನೂ ಅದರ ಗೋಡೆಗಳ ಮೇಲೆ ಚಿತ್ರ ಬರೆದು ಇಟ್ಟಿದ್ದರು. ಮದ್ದಿನ ಚಿತ್ರದ ಕೆಳಗೆ ಆ ಸೊಪ್ಪಿನ ಕಟ್ಟೂ ಇರುತ್ತಿತ್ತು. ಯಾವ ಪ್ರಾಣಿ ಬೇಕಾದರೂ ಹೋಗಿ ತರಬಹುದಿತ್ತು.

ಸೂಜವ್ವ ಎಂಬ ಮುಳ್ಳುಹಂದಿ ಅಲ್ಲಿಗೆ ಮೊದಲ ಸಲ ಹೋದದ್ದು ಮರಿಗೆ ಜ್ವರ ಬಂದಾಗ. ಒಳಗೆ ಕಾಲಿಟ್ಟವಳು ಹಾಗೇ ನಿಂತುಬಿಟ್ಟಳು. ಕತ್ತೆತ್ತಿದಷ್ಟೂ ಗೋಡೆ, ಗೋಡೆಯ ತುಂಬ ಚಿತ್ರ! ಅಜ್ಜ ಮುತ್ತಜ್ಜಂದಿರು ಕಂಡು ಕಲಿತದ್ದೆಲ್ಲ ಅಲ್ಲಿತ್ತು. ಆದರೆ ಬಾಗಿಲಲ್ಲೇ ರಾಜನ ಮೆರವಣಿಗೆಯ ಚಿತ್ರ. ಅದರ ಪಕ್ಕ ರಾಜನ ತಾತನ ಮೆರವಣಿಗೆ. ಆಮೇಲೆ ಎಂದೋ ಬತ್ತಿಹೋದ ಕೆರೆಗಳು. ಅಲ್ಲಿಂದ ಮುಂದೆ ಕವಲಿನ ಮೇಲೆ ಕವಲು. ಜ್ವರದ ಸೊಪ್ಪು ಯಾವ ಕಡೆ?

"ನಾನು ತೋರಿಸ್ತೀನಿ ಬಾರವ್ವ," ಎಂದ ಬಾಗಿಲಲ್ಲಿ ಕೂತಿದ್ದ ಜಾಣಪ್ಪ ನರಿ. "ಮೊದಲು ಒಂದು ಜೇನುಹುಟ್ಟಿ ತಂದುಕೊಡು."

"ಮರಿ ಕೆಂಡದ ಹಾಗೆ ಸುಡ್ತಿದೆ ಜಾಣಪ್ಪಣ್ಣ!"

"ಹಾಗಾದರೆ ಬೇಗ ತಾ."

ಅವಳು ಓಡಿಹೋಗಿ ಜೇನು ತಂದಳು. ದಾರಿ ನೆನಪುಳಿಯದ ಹಾಗೆ ನರಿ ಅವಳನ್ನು ಸುತ್ತಿಸಿ ಸುತ್ತಿಸಿ ಕರೆದೊಯ್ದ. ಸೊಪ್ಪು ಸಿಕ್ಕಿತು. ಮರಿ ಬದುಕಿದ್ದೇ ಹೆಚ್ಚು.

ಸೂಜವ್ವ ನೇರ ರಾಜನ ಬಳಿ ಹೋದಳು. "ಮಹಾರಾಜ, ನಿಮ್ಮ ಗವಿಯಲ್ಲಿ ಎಲ್ಲ ಇದೆ. ಬೇಕಾದ ಹೊತ್ತಿಗೆ ಮಾತ್ರ ಯಾವುದೂ ಕಣ್ಣಿಗೆ ಬೀಳೋದಿಲ್ಲ."

"ಹಾಗಾದರೆ ನೀನೇ ಸರಿಮಾಡು," ಎಂದ ಆನೆರಾಜ.

ಸೂಜವ್ವ ಬಾಗಿಲಲ್ಲಿ ಕೂತು ಬಂದವರನ್ನೆಲ್ಲ ಕೇಳಿದಳು, "ಏನು ಹುಡುಕ್ಕೊಂಡು ಬಂದಿರಿ?" ಕೆಲವರು ನೀರು ಎಂದರು, ಕೆಲವರು ಮದ್ದು ಎಂದರು, ಉಳಿದವರು ಬಲೆಯಿಲ್ಲದ ದಾರಿ ಎಂದರು. ಮೆರವಣಿಗೆಯನ್ನು ಯಾರೂ ಕೇಳಲಿಲ್ಲ. ಅದನ್ನವಳು ರಾಜನಿಗೆ ಹಾಗೇ ಹೇಳಿದಳು.

ಆನೆರಾಜ ತನ್ನ ಚಿತ್ರದ ಮುಂದೆ ಬಹಳ ಹೊತ್ತು ನಿಂತ. ಕೊನೆಗೆ ಅವನು ಹೊಳೆಗೆ ಹೋಗಿ ಸೊಂಡಿಲ ತುಂಬ ನೀರು ತಂದು ತನ್ನ ಮೆರವಣಿಗೆಯನ್ನು ತಾನೇ ತೊಳೆದುಬಿಟ್ಟ! ಕಾಡೆಲ್ಲ ಬೆರಗಾಗಿ ನೋಡಿತು.

ತಾತನ ಮೆರವಣಿಗೆಯೂ ಬತ್ತಿದ ಕೆರೆಗಳೂ ಹೋದವು. ಎಲ್ಲರೂ ಕೇಳುವಂಥವನ್ನು ಬಾಗಿಲ ಬಳಿ ಹೊಸದಾಗಿ ಬರೆದರು. ಉಳಿದವಕ್ಕೆ ಒಳಗಿನ ಪ್ರತಿ ಕವಲಿನಲ್ಲೂ ಸೂಜವ್ವ ಮುಳ್ಳಿನಿಂದ ಗುರುತು ಕೆತ್ತಿದಳು. ನೀರಿಗೆ ಹನಿ, ಮದ್ದಿಗೆ ಎಲೆ, ದಾರಿಗೆ ಹೆಜ್ಜೆ. ಕಣ್ಣು ಕಾಣದವರು ಮುಟ್ಟಿ ತಿಳಿಯಲಿ ಎಂದು ಆಳವಾಗಿಯೇ ಕೆತ್ತಿದಳು.

ನರಿಗೆ ಜೇನು ತಪ್ಪಿತು. ಹೊಟ್ಟೆ ಉರಿದು ಎಲೆಯ ಗುರುತುಗಳಿಗೆಲ್ಲ ಕೆಸರು ಮೆತ್ತಿ ಮುಚ್ಚಿದ. 'ದಾರಿ ತಪ್ಪಲಿ, ಮತ್ತೆ ನನ್ನ ಕಾಲಿಗೇ ಬೀಳ್ತಾರೆ' ಎಂದುಕೊಂಡ. ಅಷ್ಟರಲ್ಲಿ ಕಲ್ಲಿನ ಸಂದಿಯಿಂದ ಚೇಳೊಂದು ಅವನ ಮೂತಿಗೇ ಕುಟುಕಿತು. ಕಣ್ಣೆರಡೂ ಊದಿ ಮುಚ್ಚಿಕೊಂಡವು. ಮದ್ದಿಗಾಗಿ ಗೋಡೆ ತಡವಿದ. ಎಲ್ಲಿ ಮುಟ್ಟಿದರೂ ಬರೀ ಕೆಸರು! ಅತ್ತ ಇತ್ತ ಅಲೆದು ಬಾವಲಿಗಳು ಜೋತುಬಿದ್ದ ಸಂದಿಯೊಂದರಲ್ಲಿ ಸಿಕ್ಕಿಕೊಂಡು ಊಳಿಟ್ಟ.

ಸೂಜವ್ವ ಓಡಿಬಂದಳು. ಗೋಡೆಯ ಕೆಸರೂ ಅವನ ಪಂಜದ ಕೆಸರೂ ಒಂದೇ ಎಂದು ತಿಳಿಯಿತು. ಅವಳ ಮುಳ್ಳೆಲ್ಲ ನಿಮಿರಿದವು.

"ಮರಿ ಸಾಯ್ತಿದೆ ಅಂತ ಇನ್ನೊಬ್ಬ ತಾಯಿ ಬಂದಿದ್ದರೆ ಏನು ಗತಿ?"

"ತಪ್ಪಾಯ್ತವ್ವ, ಉಳಿಸು," ಎಂದು ನರಿ ನೆಲಕ್ಕೆ ಮೂತಿ ಇಟ್ಟ.

ಅವಳು ಏನನ್ನೂ ಬೇಡದೆ ಮದ್ದು ಹಚ್ಚಿದಳು. ಕಣ್ಣು ತೆರೆದ ಮೇಲೆ ಜಾಣಪ್ಪ ಕಾಡಿನವರೆಲ್ಲರ ಎದುರು ಆ ಕೆಸರನ್ನು ನೆಕ್ಕಿ ನೆಕ್ಕಿ ತೆಗೆಯಬೇಕಾಯಿತು.

ಆಮೇಲೊಂದು ಬೆಳಿಗ್ಗೆ ದೂರದ ಕಾಡಿನಿಂದ ಕಣ್ಣು ಕಾಣದ ಅಜ್ಜಿ ಕರಡಿಯೊಬ್ಬಳು ಬಂದಳು. ಯಾರನ್ನೂ ಏನೂ ಕೇಳಲಿಲ್ಲ. ಗೋಡೆಯ ಮೇಲೆ ಪಂಜ ಆಡಿಸುತ್ತ ಒಳಹೋದಳು. ಸ್ವಲ್ಪ ಹೊತ್ತಿಗೆ ಕಂಕುಳಲ್ಲಿ ಸೊಪ್ಪಿನ ಕಟ್ಟು ಇಟ್ಟುಕೊಂಡು ಹೊರಬಂದಳು.

"ಅಬ್ಬಬ್ಬಾ, ಎಂಥಾ ದೊಡ್ಡ ಗವಿ!" ಎಂದಳು ಗವಿಯ ಕಡೆ ತಿರುಗಿ. "ಆದರೂ ನಮ್ಮ ಮನೆಯೊಳಗೆ ಓಡಾಡಿದ ಹಾಗಾಯ್ತು."

ಸೂಜವ್ವ ಅಜ್ಜಿ ಮರೆಯಾಗುವ ತನಕ ನೋಡುತ್ತಲೇ ನಿಂತಳು.

ನೀತಿ: ಎಲ್ಲರಿಗೂ ಸೇರಿದ ತಿಳಿವಳಿಕೆ ಎಲ್ಲರ ಕೈಗೂ ಸಿಗುವಂತಿರಬೇಕು, ಸ್ವಾರ್ಥಕ್ಕಾಗಿ ಬೇರೆಯವರ ದಾರಿ ಮುಚ್ಚುವವನಿಗೆ ಕೊನೆಗೆ ತನ್ನ ದಾರಿಯೂ ಸಿಗುವುದಿಲ್ಲ.