ಮುಳ್ಳಯ್ಯನ ಹಿತ್ತಲಿಗೆ ಬಂದ ಶನಿ

ಒಂದು ಕಾಡಿನಲ್ಲಿ ಮುಳ್ಳಯ್ಯ ಎಂಬ ಮುಳ್ಳುಹಂದಿ ಇದ್ದ. ಮುಳ್ಳುಹಂದಿ ಎಂದ ಮೇಲೆ ನೆಲ ನೋಡಿಕೊಂಡು ಗೆಡ್ಡೆ ಅಗೆಯಬೇಕು. ಇವನು ಆಕಾಶ ನೋಡಿಕೊಂಡು ಕಲ್ಲು ಎಡವುತ್ತಿದ್ದ. ಒಂದು ಬೇಸಿಗೆಯ ಕೊನೆಯಲ್ಲಿ, ಮನೆಯಲ್ಲಿ ಕೂಡಿಟ್ಟಿದ್ದ ಗೆಡ್ಡೆಗೆಣಸನ್ನೆಲ್ಲ ಹೊತ್ತು ನದಿಯಾಚೆಯ ಸಂತೆಗೆ ಹೋದ. ಮಳೆಗಾಲಕ್ಕೆ ಬೇಕಾದ ಕಾಳುಕಡ್ಡಿ ತರುತ್ತಾನೆ ಎಂದು ಹೆಂಡತಿ ಗೆಡ್ಡಮ್ಮ ಕಾದು ಕುಳಿತಿದ್ದಳು. ಅವನು ಒಂದು ದುರ್ಬೀನು ಹೊತ್ತುಕೊಂಡು ಬಂದ.

ಇದರಲ್ಲಿ ಚಂದ್ರನ ಮೇಲಿನ ಗುಂಡಿಗಳು ಕಾಣುತ್ತವೆ ಎಂದು ಅವನು ಹೆಮ್ಮೆಯಿಂದ ಹೇಳಿದ. ಹಿತ್ತಲಲ್ಲಿರುವ ಗುಂಡಿ ಮುಚ್ಚಿ ಎಂದು ಯುಗಾದಿಯಿಂದ ಹೇಳುತ್ತಿದ್ದೇನೆ, ಅದು ಕಾಣುವುದಿಲ್ಲವೇ ಎಂದು ಅವಳು ಕೇಳಿದಳು. ಮುಳ್ಳಯ್ಯ ಆ ಗುಂಡಿಯಲ್ಲೇ ಮೂರು ಕೋಲು ನೆಟ್ಟು ದುರ್ಬೀನು ನಿಲ್ಲಿಸಿದ. ಗುಂಡಿ ಕೆಲಸಕ್ಕೆ ಬಂತಲ್ಲ ಎಂದ.

ಹೊಸ ದುರ್ಬೀನು ಮನೆಗೆ ಬಂದರೆ ಮೋಡವೂ ಅದರ ಬೆನ್ನಿಗೇ ಬರುತ್ತದೆ. ನಕ್ಷತ್ರ ನೋಡುವವರ ಹಣೆಬರಹವೇ ಅಷ್ಟು. ಮಳೆ ಹಿಡಿಯಿತು. ಮುಳ್ಳಯ್ಯ ದಿನಾ ಮುಸ್ಸಂಜೆಗೆ ಮುತ್ತುಗದ ಎಲೆಯ ಹೊದಿಕೆ ತೆಗೆದು, ಗಾಜು ಒರೆಸಿ, ಮೇಲೆ ನೋಡಿ, ನಿಟ್ಟುಸಿರು ಬಿಟ್ಟು, ಮತ್ತೆ ಹೊದಿಕೆ ಹಾಕುತ್ತಿದ್ದ. ಗೆಡ್ಡಮ್ಮ ನೆಂಟರಿಗೆಲ್ಲ, ನಮ್ಮವರು ದಿನಾ ಸಂಜೆ ಕೊಳವೆಗೆ ಸ್ನಾನ ಮಾಡಿಸುತ್ತಾರೆ ಎಂದು ಹೇಳಿಕೊಂಡು ಬಂದಳು.

ಶ್ರಾವಣದಲ್ಲಿ ಒಂದು ಸಂಜೆ ಮೋಡ ಸರಿದು ಚಂದ್ರ ಕಂಡ. ಮುಳ್ಳಯ್ಯ ಅಕ್ಕಪಕ್ಕದವರನ್ನೆಲ್ಲ ಕರೆದ. ಪೂರ್ವದ ಬಂಡೆಯ ಗವಿಯಲ್ಲಿದ್ದ ಕರಡಿ ಜಾಂಬಯ್ಯನೂ ಬಂದ. ಅವನು ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಕೊಳವೆಗೆ ಇಟ್ಟು ಬಹಳ ಹೊತ್ತು ನೋಡಿದ. ಚಂದ್ರ ಇಷ್ಟು ಹತ್ತಿರ ಬಂದ ಮೇಲೆ ಹಲಸಿನ ಹಣ್ಣಿನಷ್ಟಾದರೂ ಇರಬೇಡವೇ, ಇಷ್ಟೇನಾ ಎಂದು ಕೇಳಿದ. ಉಳಿದವರೂ ಇಷ್ಟೇನಾ ಎಂದರು. ಆಮೇಲೆ ತಮಗೆ ನಿಜವಾಗಿ ಬೇಕಾದದ್ದನ್ನು ಕೇಳತೊಡಗಿದರು. ಮಗನ ಮದುವೆ ಯಾವಾಗ ಕೂಡಿಬರುತ್ತದೆ, ಮಂಡಿನೋವಿಗೆ ಯಾವ ಗ್ರಹ ಕಾರಣ, ಕೊಳವೆಯಲ್ಲಿ ನೋಡಿ ಹೇಳು ಎಂದರು. ಇದು ನೋಡುವ ಕೊಳವೆ, ಭವಿಷ್ಯ ಹೇಳುವ ಕೊಳವೆಯಲ್ಲ ಎಂದು ಮುಳ್ಳಯ್ಯ ಕೈಮುಗಿದು ಹೇಳಿದ. ಮರುದಿನದಿಂದ ಅವನ ಹಿತ್ತಲಿಗೆ ಒಂದು ಇರುವೆಯೂ ಬರಲಿಲ್ಲ.

ಅದರಿಂದ ಅವನಿಗೆ ನೋವಾಯಿತು. ಚೆಂದದ್ದನ್ನು ಒಬ್ಬನೇ ನೋಡುವುದು ಒಬ್ಬನೇ ಹಬ್ಬದೂಟ ಮಾಡಿದ ಹಾಗೆ. ಹೊಟ್ಟೆ ತುಂಬಬಹುದು, ಮನಸ್ಸು ತುಂಬುವುದಿಲ್ಲ.

ಭಾದ್ರಪದದ ಒಂದು ಸಂಜೆ ಪೂರ್ವದಲ್ಲಿ, ಜಾಂಬಯ್ಯನ ಬಂಡೆಯ ಮೇಲೆ, ಹಳದಿ ಚುಕ್ಕಿಯೊಂದು ಎದ್ದಿತು. ಮುಳ್ಳಯ್ಯ ದುರ್ಬೀನನ್ನು ಅತ್ತ ತಿರುಗಿಸಿದ. ಪುಟ್ಟ ಗುಂಡು, ಅದರ ಸುತ್ತ ತೆಳ್ಳನೆಯ ಬಳೆ. ಶನಿ! ಅವನ ಮೈಮೇಲಿನ ಮುಳ್ಳೆಲ್ಲ ನೆಟ್ಟಗೆ ನಿಂತವು. ಊಟಕ್ಕೆ ಕರೆಯಲು ಹಿಂದೆ ಬಂದು ನಿಂತಿದ್ದ ಗೆಡ್ಡಮ್ಮನ ಮೂಗಿಗೆ ಚುಚ್ಚಿದವು. ಅವಳು ಬೈಯುವುದರೊಳಗೆ ಅವನು ಬೇಲಿ ದಾಟಿ ಓಡಿದ್ದ. ಕಂಡಕಂಡವರ ಬಾಗಿಲು ತಟ್ಟಿ, ನಮ್ಮ ಹಿತ್ತಲಿಗೆ ಶನಿ ಬಂದಿದ್ದಾನೆ, ಬನ್ನಿ ಎಂದು ಕೂಗಿದ.

ಪಾಪ, ಅವನು ಖುಷಿಯಲ್ಲಿ ಹೇಳಿದ್ದು. ಆದರೆ ಶನಿ ಬಂದಿದ್ದಾನೆ ಎಂದರೆ ಯಾರು ಬಾಗಿಲು ತೆಗೆಯುತ್ತಾರೆ? ತೆಗೆದಿದ್ದ ಬಾಗಿಲುಗಳೂ ಮುಚ್ಚಿದವು. ಮರವನ್ನೇ ಬುಡಸಹಿತ ಕೀಳಬಲ್ಲ ಜಾಂಬಯ್ಯ ಗವಿಯ ಬಾಯಿಗೆ ಬಂಡೆ ಉರುಳಿಸಿಕೊಂಡು ಕುಳಿತ.

ಹೆದರದೆ ಹೊರಗೆ ಬಂದವನು ಒಬ್ಬನೇ, ಪಡುವಣ ಗುಡ್ಡದ ನರಿ ಹೊಂಚಪ್ಪ. ಅವನು ಆಕಾಶವನ್ನು ನೋಡಲಿಲ್ಲ. ಮುಚ್ಚಿದ ಬಾಗಿಲುಗಳನ್ನು ನೋಡಿದ. ಒಂದು ಮಾತಿಗೆ ಇಡೀ ಕಾಡು ಬಾಗಿಲು ಹಾಕಿಕೊಳ್ಳುತ್ತದೆ ಎಂದರೆ, ಇನ್ನೊಂದು ಮಾತಿಗೆ ಬಾಗಿಲು ತೆರೆದಿಟ್ಟು ಹೋಗಲೂಬಹುದು ಎಂದು ಅವನಿಗೆ ಹೊಳೆಯಿತು. ನೆಟ್ಟಗೆ ಮುಳ್ಳಯ್ಯನ ಹಿತ್ತಲಿಗೆ ಬಂದು ಬೆಣ್ಣೆಯಂಥ ಮಾತು ಶುರುಮಾಡಿದ. ಇಂಥ ವಿದ್ಯಾವಂತರು ಈ ಕಾಡಿನಲ್ಲಿ ಹುಟ್ಟಿದ್ದೇ ನಮ್ಮ ಪುಣ್ಯ ಎಂದ. ಇಂಥವರ ಹಿತ್ತಲು ಖಾಲಿ ಇರುವುದನ್ನು ಕಂಡರೆ ಕರುಳು ಕಿತ್ತು ಬರುತ್ತದೆ ಎಂದ.

"ನಿಮಗೆ ನೋಡೋದು ಗೊತ್ತು ಮುಳ್ಳಯ್ಯನೋರೇ, ಹೇಳೋದು ಗೊತ್ತಿಲ್ಲ. ನೀವು ನೋಡ್ತಾ ಇರಿ, ನಾನು ಹೇಳ್ತೀನಿ. ನಾಳೆ ಈ ಹಿತ್ತಲಲ್ಲಿ ಕಾಲಿಡೋಕೆ ಜಾಗ ಇರಲ್ಲ."

ಮುಳ್ಳಯ್ಯ ಮೊದಲು ತಲೆ ಕೆರೆದುಕೊಂಡ. ಆಮೇಲೆ ತುಂಬಿದ ಹಿತ್ತಲನ್ನು ಮನಸ್ಸಿನಲ್ಲೇ ನೋಡಿದ. ಆಗಲಿ ಎಂದುಬಿಟ್ಟ.

ಮರುದಿನ ಸಂಜೆ ಹಿತ್ತಲು ನಿಜಕ್ಕೂ ತುಂಬಿತು. ಶನಿಯ ದೃಷ್ಟಿ ಯಾರ ಮನೆಯ ಮೇಲಿದೆ ಎಂದು ಈ ಕೊಳವೆ ಹೇಳುತ್ತದೆ ಎಂದು ಹೊಂಚಪ್ಪ ಕಾಡೆಲ್ಲ ಸಾರಿ ಬಂದಿದ್ದ. ಮುಳ್ಳಯ್ಯ ಕೊಳವೆಗೆ ಕಣ್ಣಿಟ್ಟು ಶನಿಯನ್ನು ನೋಡುತ್ತಿದ್ದ. ಹೊಂಚಪ್ಪ ಕೊಳವೆಗೆ ಬೆನ್ನು ಹಾಕಿ ಜನರನ್ನು ನೋಡುತ್ತಿದ್ದ. ಬೇರೆ ಯಾರೂ ಕೊಳವೆಯೊಳಗೆ ಇಣುಕಬಾರದು, ಇಣುಕಿದವರಿಗೆ ದೃಷ್ಟಿ ನೇರವಾಗಿ ಬಡಿಯುತ್ತದೆ ಎಂದು ಮೊದಲೇ ಹೇಳಿಟ್ಟ. ಕೊಳವೆಯ ಬಾಯಿ ಯಾರ ಮನೆಯ ಕಡೆ ಇದೆಯೋ ಅವರು ಮೂರು ರಾತ್ರಿ ಮನೆ ಬಿಟ್ಟಿರಬೇಕು, ಒಳಗಿರುವುದನ್ನು ಮುಟ್ಟಬಾರದು, ತಿರುಗಿ ನೋಡಬಾರದು ಎಂದ. ಕೊಳವೆಯ ಬಾಯಿ ಜಾಂಬಯ್ಯನ ಬಂಡೆಯ ಕಡೆಗಿತ್ತು.

ಜಾಂಬಯ್ಯ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹಳ್ಳದಾಚೆ ಹೋಗಿ ಚಳಿಯಲ್ಲಿ ಮಲಗಿದ. ತಿರುಗಿ ಬಂದಾಗ ಗವಿಯಲ್ಲಿಟ್ಟಿದ್ದ ಜೇನುಹುಟ್ಟು ಒಂದೂ ಇರಲಿಲ್ಲ. ಶನಿ ಜೇನು ತೆಗೆದುಕೊಂಡು ನಿನ್ನ ಜೀವ ಉಳಿಸಿದ್ದಾನೆ, ಪುಣ್ಯವಂತ ನೀನು ಎಂದು ಹೊಂಚಪ್ಪ ಸಮಾಧಾನ ಹೇಳಿದ. ಜಾಂಬಯ್ಯ ಕಣ್ಣು ಒರೆಸಿಕೊಂಡು ಅವನಿಗೇ ಕೈಮುಗಿದ.

ಮುಳ್ಳಯ್ಯನಿಗೆ ಅನುಮಾನ ಬರದೆ ಇರಲಿಲ್ಲ. ಯಾರಾದರೂ ಕೇಳಿದರೆ, ಇರಬಹುದು, ಇಲ್ಲದೆಯೂ ಇರಬಹುದು ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುತ್ತಿದ್ದ. ಬಾಯಿ ಬಿಟ್ಟರೆ ಹಿತ್ತಲು ಮತ್ತೆ ಖಾಲಿಯಾಗುತ್ತದಲ್ಲ ಎಂಬ ಭಯ. ಗೆಡ್ಡಮ್ಮ ಒಂದು ದಿನ ಕೇಳಿಯೇಬಿಟ್ಟಳು.

"ಏನ್ರೀ, ಇಷ್ಟು ಜನ ಬರ್ತಾರಲ್ಲ, ಒಬ್ಬರಾದ್ರೂ ಒಳಗೆ ಕಣ್ಣಿಟ್ಟು ನೋಡಿದಾರಾ?"

ಮುಳ್ಳಯ್ಯ ಗಾಜು ಒರೆಸುವ ನೆಪ ಮಾಡಿಕೊಂಡು ಅತ್ತ ತಿರುಗಿದ.

ತಿಂಗಳುಗಳು ಕಳೆದವು. ಆಕಾಶ ನಿಂತಲ್ಲಿ ನಿಲ್ಲುವುದಿಲ್ಲ. ಪೂರ್ವದಲ್ಲಿದ್ದ ಶನಿ ಕಾರ್ತಿಕದ ಸಂಜೆಗಳಲ್ಲಿ ನೆತ್ತಿಯ ಹತ್ತಿರ ಬಂದ. ಮಾಘದ ಹೊತ್ತಿಗೆ ನೈಋತ್ಯಕ್ಕೆ ವಾಲಿದ. ಅಲ್ಲೊಂದು ಬಿದಿರು ಮೆಳೆ. ಮೆಳೆಯ ಬುಡದಲ್ಲಿ ಕೆಂಚಮ್ಮ ಎಂಬ ಕಾಡುಕೋಳಿಯ ಗೂಡು. ಹಿಂದಿನ ಸಲ ಅವಳ ಮೊಟ್ಟೆಗಳಲ್ಲಿ ಒಂದನ್ನೂ ಹಾವು ಬಿಟ್ಟಿರಲಿಲ್ಲ. ಈ ಸಲ ಅವಳು ನೀರು ಕುಡಿಯಲು ಎದ್ದರೂ ಓಡಿ ಬಂದು ಕಾವಿಗೆ ಕೂರುತ್ತಿದ್ದಳು. ಇದು ಹೊಂಚಪ್ಪನಿಗೂ ಗೊತ್ತಿತ್ತು.

ಆ ಸಂಜೆ ಅವನು ಎಲ್ಲರೆದುರು ಕೆಂಚಮ್ಮನನ್ನು ಕರೆಸಿದ. ಅವಳು ಮೊಟ್ಟೆಗಳ ಮೇಲೆ ತರಗೆಲೆ ಮುಚ್ಚಿ ಏದುಸಿರು ಬಿಡುತ್ತ ಬಂದಳು. ಇವತ್ತೇ ಗೂಡು ಬಿಡಬೇಕು ಎಂದು ಅವನು ಹೇಳಿದ. ಮೂರು ರಾತ್ರಿ ಬಿಟ್ಟರೆ ಮೊಟ್ಟೆ ತಣ್ಣಗಾಗಿ ಮರಿ ಸಾಯುತ್ತವೆ ಎಂದು ಅವಳು ಅತ್ತಳು. ಯಾರೂ ಕರಗಲಿಲ್ಲ. ನಾನು ಜೇನು ಬಿಡಲಿಲ್ಲವೇ, ನಿನ್ನದೇನು ಹೆಚ್ಚು ಎಂದು ಜಾಂಬಯ್ಯ ಗದರಿದ. ನೀನು ಹೋಗದಿದ್ದರೆ ಶನಿ ನಮ್ಮೆಲ್ಲರ ಹೆಗಲೇರುತ್ತಾನೆ ಎಂದು ಉಳಿದವರು ಗುಜುಗುಟ್ಟಿದರು.

ಕೆಂಚಮ್ಮ ಮುಳ್ಳಯ್ಯನ ಕಡೆ ತಿರುಗಿದಳು.

"ಅಣ್ಣಾ, ನನ್ನ ಮೊಟ್ಟೆ ತಗೊಳ್ಳೋನ ಮುಖ ಒಂದ್ಸಲ ನೋಡ್ತೀನಿ. ಆಮೇಲೆ ಹೋಗ್ತೀನಿ."

ಹೊಂಚಪ್ಪ ಅಡ್ಡ ಬಂದ. ನೋಡಬಾರದು, ನೋಡಿದರೆ ಕಣ್ಣು ಹೋಗುತ್ತದೆ ಎಂದ. ಮುಳ್ಳಯ್ಯನಿಗೆ ನಾಚಿಕೆಯಾಯಿತು. ಇಷ್ಟು ತಿಂಗಳಲ್ಲಿ ನೋಡುತ್ತೇನೆ ಎಂದು ಕೇಳಿದವಳು ಇವಳೊಬ್ಬಳೇ. ಅದೂ ಅಳುತ್ತ ಕೇಳುತ್ತಿದ್ದಾಳೆ. ಅವನ ಮುಳ್ಳುಗಳು ಎದ್ದು ನಿಂತವು. ಹೊಂಚಪ್ಪ ತಾನಾಗಿಯೇ ಎರಡು ಹೆಜ್ಜೆ ಹಿಂದೆ ಸರಿದ. ಮುಳ್ಳಯ್ಯ ಒಂದು ಕೊರಡು ತಂದಿಟ್ಟು ಕೆಂಚಮ್ಮನನ್ನು ಹತ್ತಿಸಿದ.

ಅವಳು ನೋಡಿದಳು. ಎಲ್ಲರೂ ಅವಳ ಕಣ್ಣು ಹೋಗುವುದನ್ನು ಕಾದರು.

"ಅಣ್ಣಾ, ಇವನು ಬಳೆ ಹಾಕ್ಕೊಂಡಿರೋ ಮಗು ಥರ ಇದಾನೆ," ಎಂದಳು ಕೆಂಚಮ್ಮ. "ನನ್ನ ಮೊಟ್ಟೆ ತಗೊಂಡು ಇವನೇನು ಮಾಡ್ತಾನೆ?"

ಮಗುವಿನ ಮುಖವೇ ಮೋಸ, ಕೊಳವೆಯ ಬಾಯಿ ಬಿದಿರು ಮೆಳೆಯ ಕಡೆ ಇರುವುದಂತೂ ನಿಜ ತಾನೇ ಎಂದು ಹೊಂಚಪ್ಪ ಕೂಡಲೇ ಮಾತು ತಿರುಗಿಸಿದ. ಗುಂಪು ತಲೆಯಾಡಿಸಿತು. ಇದೆಲ್ಲ ಸುಳ್ಳು ಎಂದು ಕೂಗಿಬಿಡಬೇಕು ಎಂದು ಮುಳ್ಳಯ್ಯನಿಗೆ ಅನಿಸಿತು. ಆದರೆ ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದವನ ಮಾತನ್ನು ಈಗ ಯಾರು ನಂಬುತ್ತಾರೆ? ಅವನು ಆಕಾಶದ ಕಡೆ ನೋಡಿದ. ಶನಿ ಮೆಲ್ಲಗೆ ಇಳಿಯುತ್ತಿದ್ದ. ಅವನು ಎಲ್ಲಿ ಮುಳುಗುತ್ತಾನೆ ಎಂಬುದನ್ನು ಮುಳ್ಳಯ್ಯ ದಿನವೂ ನೋಡಿದ್ದ. ಹೊಂಚಪ್ಪ ಒಂದು ದಿನವೂ ನೋಡಿರಲಿಲ್ಲ.

"ಹೊಂಚಪ್ಪ, ಒಂದು ಮಾತು ಹೇಳು," ಎಂದ ಮುಳ್ಳಯ್ಯ. "ಶನಿ ಮೇಲಿದ್ದಾಗ ಕೆಳಗಿರೋ ಮನೆ ಅವನದೋ, ಅವನು ಇಳಿದು ಬಂದು ಮುಟ್ಟಿದ ಮನೆ ಅವನದೋ?"

ಆಕಾಶವನ್ನು ಎಂದೂ ನೋಡದವನಿಗೆ, ಮೇಲಿರುವುದೆಲ್ಲ ಮಾವಿನ ಹಣ್ಣಿನಂತೆ ನೇರವಾಗಿ ಕೆಳಕ್ಕೆ ಬೀಳುತ್ತದೆ ಎಂಬ ಲೆಕ್ಕ. ಬಿದಿರು ಮೆಳೆಯ ಮೇಲಿದ್ದದ್ದು ಬಿದಿರು ಮೆಳೆಯ ಮೇಲೇ ಬೀಳಬೇಕು. ಹಾಗಾಗಿ ಹೊಂಚಪ್ಪ ಗಂಭೀರವಾಗಿ, ಮುಟ್ಟಿದ ಮನೆಯೇ ಅವನದು ಎಂದ. ಹೇಳಿದ್ದಕ್ಕೆ ಉಪ್ಪುಖಾರವನ್ನೂ ಸೇರಿಸಿದ. ಆ ಮನೆಯವರು ಬಾಯಿಗೆ ಒಂದು ಹನಿ ನೀರೂ ಹಾಕದೆ ನಿಂತ ಕಾಲಲ್ಲೇ ಹೊರಡಬೇಕು ಎಂದ. ಮತ್ತೆಂದೂ ಈ ಕಾಡಿಗೆ ಕಾಲಿಡಬಾರದು ಎಂದ. ಎಲ್ಲರೂ ಒಪ್ಪಿದರು. ಹಾಗಾದರೆ ಕಾಯೋಣ ಎಂದ ಮುಳ್ಳಯ್ಯ.

ಕೆಂಚಮ್ಮ ಕಾಯಲಿಲ್ಲ. ಶನಿ ಬಂದರೆ ಅಲ್ಲೇ ಮಾತಾಡಿಕೊಳ್ಳುತ್ತೇನೆ ಎಂದು ಗೂಡಿಗೆ ಹೋಗಿ ಮೊಟ್ಟೆಗಳ ಮೇಲೆ ಕುಳಿತಳು.

ಗೆಡ್ಡಮ್ಮ ಎಲ್ಲರಿಗೂ ಗೆಣಸು ತಂದು ಕೊಟ್ಟಳು. ಕೆಂಚಮ್ಮನ ಕಣ್ಣು ಹೋಗಲಿಲ್ಲ ಎಂಬ ಧೈರ್ಯದಲ್ಲಿ ಒಬ್ಬೊಬ್ಬರೇ ಬಂದು ಕೊಳವೆಗೆ ಕಣ್ಣಿಟ್ಟರು. ಜಾಂಬಯ್ಯ ನೋಡಿ ಬಂದು ಕುಳಿತ. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಸಲ ನೋಡಲೇ ಎಂದು ಮೆಲ್ಲಗೆ ಕೇಳಿದ. ಅಷ್ಟರಲ್ಲಿ ಶನಿ ಬಿದಿರು ಮೆಳೆಯನ್ನು ದಾಟಿದ್ದ. ಮುಳ್ಳಯ್ಯ ಕೊಳವೆಯನ್ನು ಪಡುವಣಕ್ಕೆ ಸರಿಸಿದ. ಮತ್ತೂ ಸರಿಸಿದ. ಬರಿಗಣ್ಣಿಗೂ ಆ ಹಳದಿ ಚುಕ್ಕಿ ಕಾಣುತ್ತಿತ್ತು. ಹೊಂಚಪ್ಪ ಮಾತ್ರ ಎಂದಿನಂತೆ ಆಕಾಶಕ್ಕೆ ಬೆನ್ನು ಹಾಕಿ, ಮೊಟ್ಟೆಯ ಕನಸು ಕಾಣುತ್ತ ತುಟಿ ಸವರಿಕೊಳ್ಳುತ್ತಿದ್ದ.

ಹಿತ್ತಲಲ್ಲಿ ಮಾತು ನಿಂತಿತು. ಹೊಂಚಪ್ಪ ಏನಾಯಿತೆಂದು ತಿರುಗಿ ನೋಡಿದ. ಶನಿ ಪಡುವಣ ಗುಡ್ಡದ ಮೇಲೆ, ಎರಡು ಬಂಡೆಗಳ ನಡುವೆ, ಹೊಂಚಪ್ಪನದೇ ಗವಿಯ ನೆತ್ತಿಯ ಮೇಲೆ ಕುಳಿತಿದ್ದ. ನೋಡುನೋಡುತ್ತಲೇ ಒಳಗೆ ಹೋದವನಂತೆ ಮರೆಯಾದ.

ಅದು ಯಾರ ಮನೆ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಎಲ್ಲರೂ ಹೊಂಚಪ್ಪನನ್ನೇ ನೋಡಿದರು. ಹೊಂಚಪ್ಪ ನಕ್ಕ. ನಗು ಅರ್ಧಕ್ಕೇ ಒಣಗಿತು.

"ಯಾಕೆ ಹಾಗೆ ನೋಡ್ತೀರಿ? ಅದು ಎಷ್ಟೋ ದೂರದಲ್ಲಿರೋ ಒಂದು ಗೋಳ. ಅದಕ್ಕೂ ನಮ್ಮ ಮನೆಗಳಿಗೂ ಏನು ಸಂಬಂಧ? ಬೇಕಾದ್ರೆ ಮುಳ್ಳಯ್ಯನೋರನ್ನೇ ಕೇಳಿ."

"ಅವನು ಹೇಳಿದ್ದು ನಿಜ," ಎಂದ ಮುಳ್ಳಯ್ಯ. "ಶನಿ ಯಾರ ಮನೆಗೂ ಬರಲ್ಲ. ಯಾರ ಮನೆಯಿಂದ್ಲೂ ಏನೂ ತಗೊಂಡು ಹೋಗಲ್ಲ. ಇದನ್ನ ನಾನು ಮೊದಲ ದಿನಾನೇ ಹೇಳಬೇಕಿತ್ತು. ಹೇಳದೇ ಇದ್ದದ್ದು ನನ್ನ ತಪ್ಪು."

ಬದುಕಿದೆ ಎಂದು ಹೊಂಚಪ್ಪ ಜೋರಾಗಿ ತಲೆಯಾಡಿಸಿದ. ಕರಡಿಗೆ ಬುದ್ಧಿ ನಿಧಾನ. ಆದರೆ ಬಂದ ಬುದ್ಧಿ ಹಿಂದೆ ಹೋಗುವುದಿಲ್ಲ. ಜಾಂಬಯ್ಯ ಮೆಲ್ಲಗೆ ಎದ್ದು ನಿಂತ.

"ಹಾಗಾದ್ರೆ ನನ್ನ ಜೇನು ತಿಂದೋನು ಯಾರು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹೊಂಚಪ್ಪನ ಕೈ ತಾನಾಗಿಯೇ ಮೀಸೆ ಒರೆಸಿತು. ಅದನ್ನು ಎಲ್ಲರೂ ಕಂಡರು. ಶನಿ ಮನೆಗೆ ಬರುತ್ತಾನೆ ಎಂದರೆ ಮನೆ ಬಿಡಬೇಕು. ಬರುವುದಿಲ್ಲ ಎಂದರೆ ಜಾಂಬಯ್ಯನಿಗೆ ಉತ್ತರ ಹೇಳಬೇಕು. ಹೊಂಚಪ್ಪ ಒಂದು ಕ್ಷಣ ಜಾಂಬಯ್ಯನ ಕೈಯ ಗಾತ್ರ ನೋಡಿದ. ಆಮೇಲೆ, ದೊಡ್ಡವರ ಮಾತು ಮೀರಬಾರದು, ಶನಿ ಮುಟ್ಟಿದ ಮನೆಯಲ್ಲಿ ಇರಬಾರದು ಎಂದು ಗೊಣಗುತ್ತ, ಒಂದು ಹನಿ ನೀರೂ ಕುಡಿಯದೆ, ಬಾಲ ಮುದುರಿಕೊಂಡು ಓಟ ಕಿತ್ತ. ಜಾಂಬಯ್ಯ ಹಳ್ಳದವರೆಗೂ ಬೀಳ್ಕೊಟ್ಟು ಬಂದ. ಬೀಳ್ಕೊಡುವಾಗ ನರಿಯ ಬೆನ್ನಿನ ಕೂದಲು ಒಂದು ಹಿಡಿ ಅವನ ಕೈಯಲ್ಲೇ ಉಳಿಯಿತು.

ಮುಳ್ಳಯ್ಯ ಬಿದಿರು ಮೆಳೆಗೆ ಹೋಗಿ, ಇನ್ನು ಭಯವಿಲ್ಲ ತಂಗಿ ಎಂದು ಹೇಳಿದ. ಮೆಲ್ಲಗೆ ಮಾತಾಡಣ್ಣ, ಮೊಟ್ಟೆಯೊಳಗೆ ಮರಿ ಕುಟುಕುತ್ತಿವೆ ಎಂದಳು ಕೆಂಚಮ್ಮ.

ನೀತಿ: ಇಲ್ಲದ ಭಯ ಹುಟ್ಟಿಸಿ ಬದುಕುವವನು ಕೊನೆಗೆ ತನ್ನ ಮಾತಿಗೇ ಸಿಕ್ಕಿಬೀಳುತ್ತಾನೆ. ಹೆದರುವ ಮೊದಲು ಒಮ್ಮೆ ಕಣ್ಣಾರೆ ನೋಡಬೇಕು. ನೋಡಿ ತಿಳಿದವನು ಬಾಯಿ ಮುಚ್ಚಿಕೊಂಡು ಕೂರಬಾರದು.